ಇಟಲಿಯಲ್ಲಿ ರಾತ್ರಿ ಊಟವಾದ ಮೇಲೆ ಸಿಹಿಗೆ, ಪಾನೀಯಕ್ಕೆ ಎಲ್ಲಿಗೆ ಹೋಗುವುದು?

ಶರಾವತಿ ತೀರ

ಅಕ್ಟೋಬರ್‌ನಲ್ಲಿ ನಾವು ನಾಲ್ವರು ಇಟಲಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, ಮಾವ. ಟ್ಯೂರಿನ್, ಫ್ಲಾರೆನ್ಸ್, ರೋಮ್, ನೇಪಲ್ಸ್, ಇದೇ ಕ್ರಮ. ನೋಡಬೇಕಾದ ಜಾಗಗಳ ಪಟ್ಟಿ ಯಜಮಾನರ ಬಳಿ ಸಿದ್ಧವಾಗಿದೆ, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಚಿಂತೆ ರಾತ್ರಿಯದು. ಊಟ ಮುಗಿಸಿ ನೇರವಾಗಿ ಕೋಣೆಗೆ ಹೋಗಿ ಮಲಗಲು ಮನಸ್ಸಿಲ್ಲ. ಸಿಹಿ ತಿನ್ನಲು, ಊಟದ ನಂತರ ಅಲ್ಲಿನವರು ಕುಡಿಯುವ ಪುಟ್ಟ ಲೋಟದ ಪಾನೀಯಗಳ ರುಚಿ ನೋಡಲು ಮತ್ತೆ ಹೊರಗೆ ಹೋಗಬೇಕೆಂಬ ಆಸೆ.

ತೊಡಕು ಏನೆಂದರೆ, ಮಾವನವರು ಮೊಟ್ಟೆ ಮುಟ್ಟುವುದಿಲ್ಲ, ಮದ್ಯವೂ ಇಲ್ಲ. ಬೇರೆಯವರು ಕುಡಿದರೆ ಮುಖ ಸಿಂಡರಿಸುವ ಪೈಕಿಯೂ ಅಲ್ಲ. ಅತ್ತೆಗೆ ಸಿಹಿ ಎಂದರೆ ಪ್ರಾಣ. ಕೇಕಿನಲ್ಲಿ ಮೊಟ್ಟೆ ಇದ್ದರೂ ನಡೆಯುತ್ತದೆ, "ಕಣ್ಣಿಗೆ ಕಾಣಬಾರದು ಅಷ್ಟೇ" ಎನ್ನುತ್ತಾರೆ. ಯಜಮಾನರಿಗೆ ಎಲ್ಲವೂ ಆಗುತ್ತದೆ. ಸಿಹಿಗೆ ಒಂದು ಕಡೆ, ಪಾನೀಯಕ್ಕೆ ಇನ್ನೊಂದು ಕಡೆ ಹೋಗಬೇಕೇ? ಎಷ್ಟು ಹೊತ್ತಿಗೆ? ಮಾವನವರು ಮಾತ್ರ ಬರಿಗೈಯಲ್ಲಿ ಕೂರುವಂತೆ ಆಗಬಾರದು.

ಪೋ ನದಿ ದಂಡೆ

ಟ್ಯೂರಿನ್‌ನಲ್ಲಿ ಓದುತ್ತಿದ್ದೇನೆ, ಹಾಗಾಗಿ ಮೊದಲ ಊರಿನ ಹೊಣೆ ನನಗಿರಲಿ.

ಇಲ್ಲಿ ಸಿಹಿ ಮೊದಲು, ಆಮೇಲೆ ಕಾಫಿ, ಕೊನೆಗೆ ಪುಟ್ಟ ಲೋಟ. ಸಿಹಿಯ ಜೊತೆಗೇ ಕಾಫಿ ಬೇಕಿದ್ದರೆ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ತಟ್ಟೆ ಖಾಲಿಯಾಗುವ ತನಕ ಕಾಫಿ ಬರುವುದಿಲ್ಲ. ಮೂರನ್ನೂ ಒಂದೇ ಮೇಜಿನಲ್ಲಿ ಮುಗಿಸಬೇಕೆಂದು ಯಾರೂ ಕಟ್ಟು ಹಾಕಿಲ್ಲ. ಊಟದ ಬಿಲ್ ಕೊಟ್ಟು ಎದ್ದು, ಬೀದಿಯಲ್ಲಿ ನಡೆಯುತ್ತಾ ಜೆಲಾಟೊ (ಇಲ್ಲಿನ ಐಸ್‌ಕ್ರೀಮ್) ತಿಂದು, ಯಾವುದೋ ಬಾರ್‌ನ ಕಟ್ಟೆಯ ಮುಂದೆ ನಿಂತು ಕಾಫಿ ಕುಡಿದು, ಮತ್ತೆಲ್ಲೋ ಕೂತು ಅಮಾರೊ ಎಂಬ ಕಹಿ ಮದ್ಯ ತರಿಸಿಕೊಳ್ಳುವವರು ಬೇಕಾದಷ್ಟು ಜನ. ಬಾರ್ ಎಂದ ಕೂಡಲೇ ಮಾವನವರು ಗಾಬರಿಯಾಗುವುದು ಬೇಡ. ಇಲ್ಲಿನ ಬಾರ್‌ಗಳಲ್ಲಿ ಬೆಳಿಗ್ಗೆ ಶಾಲೆಗೆ ಹೊರಟ ಮಕ್ಕಳೂ ಹಾಲು, ಬನ್ನು ತೆಗೆದುಕೊಳ್ಳುತ್ತಾರೆ.

ಪ್ರವಾಸಿಗರು ಎಡವುವುದು ಹೊತ್ತಿನ ಲೆಕ್ಕದಲ್ಲಿ. ಗಾಜಿನ ಕಪಾಟಿನಲ್ಲಿ ಪುಟ್ಟ ಪುಟ್ಟ ಸಿಹಿಗಳನ್ನು ಸಾಲಾಗಿ ಜೋಡಿಸಿಟ್ಟ ಪಾಸ್ತಿಚೆರಿಯಾಗಳನ್ನು ಹಗಲು ನೋಡಿಟ್ಟು ರಾತ್ರಿ ಹತ್ತಕ್ಕೆ ಹೋದರೆ ಕಬ್ಬಿಣದ ಬಾಗಿಲು ಇಳಿದಿರುತ್ತದೆ. ಅವುಗಳ ದಿನ ಬೆಳಗಿನಿಂದ ಸಂಜೆಯವರೆಗೆ. ಭಾನುವಾರವಂತೂ ಜನ ಮಧ್ಯಾಹ್ನದ ಊಟಕ್ಕೆ ನೆಂಟರ ಮನೆಗೆ ಹೋಗುವಾಗ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಸಿಹಿಯ ಪೊಟ್ಟಣವನ್ನು ಬೆರಳಿಗೆ ತೂಗುಹಾಕಿಕೊಂಡು ಹೋಗುವುದನ್ನು ನೋಡಬಹುದು. ರಾತ್ರಿ ತೆರೆದಿರುವುದು ಜೆಲಾಟೊ ಅಂಗಡಿಗಳು, ಬಾರ್‌ಗಳು.

ಮಾವನವರಿಗೆ ಟ್ಯೂರಿನ್‌ನಲ್ಲಿ ಬಿಚೆರಿನ್ ಇದೆ. ಕಾಲಿರುವ ಸಣ್ಣ ಗಾಜಿನ ಲೋಟದಲ್ಲಿ ಕೆಳಗೆ ಬಿಸಿ ಚಾಕೊಲೇಟ್ ಮತ್ತು ಕಾಫಿ, ಮೇಲೆ ತೆಳುವಾಗಿ ಕಡೆದ ತಣ್ಣನೆಯ ಕೆನೆ. ಮೊಟ್ಟೆಯೂ ಇಲ್ಲ, ಮದ್ಯವೂ ಇಲ್ಲ. ಚಮಚ ಹಾಕಿ ಕಲಕಬಾರದು. ತಣ್ಣನೆಯ ಕೆನೆಯ ಅಡಿಯಿಂದ ಬಿಸಿ ಚಾಕೊಲೇಟ್ ತುಟಿಗೆ ಬರುವುದೇ ಅದರ ಸೊಗಸು. ಪಿಯಾತ್ಸಾ ದೆಲ್ಲಾ ಕೊನ್ಸೊಲಾತಾದಲ್ಲಿ 1763ರಿಂದ ಇರುವ ಅಲ್ ಬಿಚೆರಿನ್ ಎಂಬ ಪುಟ್ಟ ಕಾಫಿ ಮನೆ ಇದಕ್ಕೆ ಹೆಸರುವಾಸಿ. ಅಮೃತಶಿಲೆಯ ದುಂಡು ಮೇಜುಗಳು, ಪ್ರತಿಯೊಂದರ ಮೇಲೂ ಮೇಣದ ಬತ್ತಿ. ಆದರೆ ಅಲ್ಲಿಗೆ ಸಂಜೆಯೇ ಹೋಗಿ, ಊಟದ ನಂತರವಲ್ಲ.

ಯಜಮಾನರಿಗೆ ಬರೋಲೊ ಕಿನಾತೊ ಕೊಡಿಸಿ. ಬರೋಲೊ ವೈನಿಗೆ ಸಿಂಕೋನಾ ತೊಗಟೆ, ಮಸಾಲೆ, ಸಕ್ಕರೆ ಸೇರಿಸಿ ಮಾಡಿದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸೆರ್ರಾಲುಂಗಾ ಊರಿನ ಕಪ್ಪೆಲ್ಲಾನೊ ಎಂಬ ಔಷಧಿ ತಯಾರಕ ಇದನ್ನು ಪ್ರಸಿದ್ಧಿಗೆ ತಂದ. ಕಪ್ಪು ಚಾಕೊಲೇಟ್ ಜೊತೆ ಇದಕ್ಕಿಂತ ಚೆನ್ನಾಗಿ ಹೊಂದುವ ಪಾನೀಯ ಇನ್ನೊಂದಿಲ್ಲ ಎನ್ನುವುದು ನನ್ನ ಪಕ್ಷ.

ಅರಳೀಕಟ್ಟೆ

ವಯಸ್ಸಾದವರನ್ನು ರಾತ್ರಿ ಹತ್ತರ ಮೇಲೆ ಮೂರು ಅಂಗಡಿ ಸುತ್ತಿಸುವುದು ಯಾವ ಸುಖಕ್ಕೆ? ಊಟ ಮಾಡಿದ ಜಾಗದಲ್ಲೇ ತಿರಾಮಿಸು ಸಿಗುತ್ತದೆ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಮೇಲೆ ಕೆನೆ ಹರವಿದ ಸಿಹಿ. ಎಷ್ಟೋ ಕಡೆ ಬಿಲ್ಲಿನ ಜೊತೆ ಲಿಮೊಂಚೆಲ್ಲೊ ಎಂಬ ನಿಂಬೆ ಮದ್ಯವನ್ನು ಮಾಲೀಕರೇ ತಮ್ಮ ಲೆಕ್ಕದಲ್ಲಿ ತಂದಿಡುತ್ತಾರೆ. ಕುಡಿದು, ಧನ್ಯವಾದ ಹೇಳಿ, ಮಲಗಿ.

ಪೋ ನದಿ ದಂಡೆ

ಅರಳೀಕಟ್ಟೆಯವರೇ, ಬಿಟ್ಟಿ ಲೋಟ ಬಂದರೆ ಖಂಡಿತ ಕುಡಿಯಲಿ. ಆದರೆ ಇಲ್ಲಿ ಊಟವಾದ ಮೇಲೆ ನಡೆಯುವುದೇ ಅರ್ಧ ಕಾರ್ಯಕ್ರಮ. ಅಜ್ಜ, ಅಜ್ಜಿ, ಮೊಮ್ಮಕ್ಕಳು, ನಾಯಿ ಸಮೇತ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಟ್ಯೂರಿನ್‌ನಲ್ಲಂತೂ ಕಮಾನುಗಳಿರುವ ಮೊಗಸಾಲೆಗಳ ಕೆಳಗೇ ಕಿಲೋಮೀಟರುಗಟ್ಟಲೆ ನಡೆಯಬಹುದು, ಮಳೆ ಬಂದರೂ ನೆನೆಯುವುದಿಲ್ಲ.

ಬೆಣ್ಣೆಮುದ್ದೆ

ನಾನು ಬೆಂಗಳೂರಿನಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ಮೊಟ್ಟೆಯ ವಿಚಾರ ನನಗೆ ಬಿಡಿ.

ಮೊದಲು ಮಾವನವರು ತಿನ್ನಬಾರದವು. ತಿರಾಮಿಸುವಿನಲ್ಲಿ ಮೊಟ್ಟೆಯ ಹಳದಿ ಇದೆ, ಬಹಳ ಕಡೆ ಹಸಿಯಾಗಿಯೇ. ಅದರೊಳಗಿನ ಸವೊಯಾರ್ದಿ ಬಿಸ್ಕತ್ತಿನಲ್ಲೂ ಮೊಟ್ಟೆ. ಜಬಯೊನೆ ಎಂದರೆ ಮೊಟ್ಟೆಯ ಹಳದಿ, ಸಕ್ಕರೆ, ಮಾರ್ಸಾಲಾ ವೈನ್, ಅದರಾಚೆ ಏನೂ ಇಲ್ಲ. ಟ್ಯೂರಿನ್ ಕಡೆಯ ಬೊನೆತ್ ಎಂಬ ಚಾಕೊಲೇಟ್ ಪುಡಿಂಗ್, ಅರೆ ಹೆಪ್ಪುಗಟ್ಟಿದ ಸೆಮಿಫ್ರೆದ್ದೊ, ಎರಡರಲ್ಲೂ ಮೊಟ್ಟೆ. ಕೆನೆ ಕಾಯಿಸಿ ಹೆಪ್ಪುಗಟ್ಟಿಸಿದ ಪನ್ನಾ ಕೋಟಾದಲ್ಲಿ ಮೊಟ್ಟೆ ಇಲ್ಲವೆಂದು ಎಲ್ಲರೂ ಧೈರ್ಯವಾಗಿ ತಿನ್ನುತ್ತಾರೆ. ಅದನ್ನು ಗಟ್ಟಿ ಮಾಡುವುದು ಜೆಲಟಿನ್, ಅದು ಸಾಮಾನ್ಯವಾಗಿ ಹಂದಿಯದು ಅಥವಾ ದನದ್ದು. ಕನ್ನೋಲಿಯ ಕರಿದ ಕೊಳವೆಯ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಮತ್ತು ವೈನ್ ಹಾಕುತ್ತಾರೆ. ನೇಪಲ್ಸಿನ ಸ್ಫೋಲ್ಯಾತೆಲ್ಲಾ ಪದರಗಳಿಗೂ ಅದೇ ಕೊಬ್ಬು ಸವರುತ್ತಾರೆ.

ಬಹಳ ಜನಕ್ಕೆ ತಿಳಿಯದ ಒಂದು ಸೂಕ್ಷ್ಮವಿದೆ. ಯುರೋಪಿನಲ್ಲಿ ಅಲರ್ಜಿ ತರುವ 14 ಪದಾರ್ಥಗಳ ವಿವರವನ್ನು ಗ್ರಾಹಕರಿಗೆ ಕೊಡಲೇಬೇಕು, ಮೊಟ್ಟೆ ಅದರಲ್ಲಿ ಸೇರಿದೆ. ಆದರೆ ಹಂದಿಯ ಕೊಬ್ಬಾಗಲಿ ಜೆಲಟಿನ್ ಆಗಲಿ ಆ ಹದಿನಾಲ್ಕರಲ್ಲಿ ಇಲ್ಲ. ಅಲರ್ಜಿ ಪಟ್ಟಿ ನೋಡಿ "ಮೊಟ್ಟೆ ಇಲ್ಲ, ತಿನ್ನಬಹುದು" ಎಂದುಕೊಂಡರೆ ಕೊಬ್ಬು ನುಸುಳಿಬಿಡುತ್ತದೆ. ಪದಾರ್ಥಗಳ ಪೂರ್ತಿ ಪಟ್ಟಿಯನ್ನೇ ಕೇಳಿ, ಅದರಲ್ಲಿ ಉವೋವಾ (ಮೊಟ್ಟೆ), ಸ್ತ್ರುತ್ತೊ (ಹಂದಿಯ ಕೊಬ್ಬು), ಜೆಲಾತಿನಾ, ಕೊಲ್ಲಾ ದಿ ಪೆಶೆ (ಇದೂ ಜೆಲಟಿನ್ನೇ), ಈ ನಾಲ್ಕು ಪದಗಳಿಗಾಗಿ ಕಣ್ಣಾಡಿಸಿ.

ಇನ್ನು ತಿನ್ನಬಹುದಾದವು. ಹಣ್ಣಿನ ಸೋರ್ಬೆತ್ತೊದಲ್ಲಿ ಹಣ್ಣು, ನೀರು, ಸಕ್ಕರೆ, ಹಾಲೂ ಇರುವುದಿಲ್ಲ. ಫಿಯೊರ್ ದಿ ಲಾತ್ತೆ ಎಂಬ ಬಿಳಿಯ ಜೆಲಾಟೊ ಬರೀ ಹಾಲು, ಕೆನೆ, ಸಕ್ಕರೆಯದು, ಸಾಮಾನ್ಯವಾಗಿ ಮೊಟ್ಟೆ ಇಲ್ಲ. ಆದರೂ ಕೇಳಿಯೇ ತೆಗೆದುಕೊಳ್ಳಿ. ಅದರ ಮೇಲೆ ಬಿಸಿ ಎಸ್ಪ್ರೆಸೊ ಸುರಿಸಿದರೆ ಅಫೊಗಾತೊ ಆಯಿತು. ರಾತ್ರಿ ಎಲ್ಲರೂ ಕೂತಿರುವಾಗ ಮಾವನವರ ಮುಂದೆ ಇದೊಂದು ಬಟ್ಟಲು ಇದ್ದರೆ ಅವರ ಪಾಲಿಗೂ ಕಾಫಿ, ಸಿಹಿ ಎರಡೂ ಬಂದಂತೆ. "ಕ್ರೇಮಾ" ಎಂದು ಬರೆದಿರುವ ಹಳದಿ ಜೆಲಾಟೊ ಬೇಡ, ಆ ಹಳದಿ ಮೊಟ್ಟೆಯದೇ.

ಶರಾವತಿ ತೀರ

ಬೆಣ್ಣೆಮುದ್ದೆಯವರೇ, ಇದನ್ನು ಪೂರ್ತಿ ಕಾಗದದ ಮೇಲೆ ಬರೆದುಕೊಂಡೆ. ಅತ್ತೆ ಹಿಂದಿನಿಂದ ಓದಿ "ಹಸಿ ಮೊಟ್ಟೆಯಾ?" ಎಂದು ಕೇಳಿ ಒಳಗೆ ಹೋದರು. ತಿರಾಮಿಸು ಕಥೆ ಅಲ್ಲಿಗೆ ಮುಗಿಯಿತು ಅನ್ನಿಸುತ್ತಿದೆ.

ಬೆಣ್ಣೆಮುದ್ದೆ

ಅಯ್ಯೋ, ಅವರಿಗೆ ಹೇಳಿ, ಶಾಖ ಕೊಟ್ಟು ಸೋಂಕು ಕಳೆದ ಮೊಟ್ಟೆ ಬಳಸುವ ಅಂಗಡಿಗಳು ಬೇಕಾದಷ್ಟಿವೆ. ಅದೂ ಬೇಡವಾದರೆ ವಾಪಸ್ ಬಂದ ಮೇಲೆ ಮನೆಯಲ್ಲೇ ಮೊಟ್ಟೆ ಹಾಕದೆ ಮಾಡಿ ಬಡಿಸಿ. ಅದಕ್ಕೆ ಬೇಕಾದ ಮಸ್ಕಾರ್ಪೊನೆ ಎಂಬ ಮೆತ್ತನೆಯ ಕೆನೆ ಚೀಸನ್ನು ದುಬಾರಿ ಬೆಲೆ ಕೊಟ್ಟು ಕೊಳ್ಳಬೇಕಾಗಿಲ್ಲ. ಗಟ್ಟಿ ಕೆನೆಯನ್ನು ಕುದಿಯಲು ಬಿಡದೆ, ಸುಮಾರು 85 ಡಿಗ್ರಿಗೆ ಕಾಯಿಸಿ ಸ್ವಲ್ಪ ನಿಂಬೆರಸ ಹಾಕಿ ಮೆಲ್ಲಗೆ ತಿರುವಬೇಕು. ಪನೀರಿನಂತೆ ಒಡೆದು ಗಂಟಾಗುವುದಿಲ್ಲ. ಚಮಚದ ಬೆನ್ನಿಗೆ ದಪ್ಪಗೆ ಅಂಟುವ ಹದ ಬಂದಾಗ ಇಳಿಸಿ, ಆರಿದ ಮೇಲೆ ತೆಳುಬಟ್ಟೆಯಲ್ಲಿ ಸುರಿದು ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಸಿಯಲು ಬಿಡಿ. ಬೆಳಿಗ್ಗೆ ಬಟ್ಟೆ ಬಿಡಿಸಿದರೆ ಚಾಕು ಇಟ್ಟಲ್ಲೇ ನಿಲ್ಲುವಷ್ಟು ಗಟ್ಟಿ. ಮಸ್ಕಾರ್ಪೊನೆ ಮಾಡಲು ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ ಎಂಬ ಹೆಪ್ಪು ಬೇಕಾಗಿಲ್ಲ, ಹುಳಿ ಸಾಕು. ಹಾಗಾಗಿ ಮಾವನವರೂ ತಿನ್ನಬಹುದು. ಬಿಸ್ಕತ್ತು ಮಾತ್ರ ಮೊಟ್ಟೆಯಿಲ್ಲದ್ದು ಹುಡುಕಿ.

ಅರಳೀಕಟ್ಟೆ

ತಿರಾಮಿಸು ಪ್ರಾಚೀನ ರೋಮನ್ನರ ಕಾಲದ್ದು ಎನ್ನುವಂತೆ ಮಾತನಾಡುತ್ತೀರಿ. ನಮ್ಮ ಕಾಲದಲ್ಲಿ ಯಾರೂ ಹೆಸರೇ ಕೇಳಿರಲಿಲ್ಲ.

ಪೋ ನದಿ ದಂಡೆ

ಈ ಮಾತು ಸರಿ. ಅದು ಪ್ರಾಯಃ ನಿಮಗಿಂತ ಕಿರಿಯ. ವೆನೆತೊ ಪ್ರಾಂತ್ಯದ ತ್ರೆವೀಜೊ ಊರಿನ ಲೆ ಬೆಕ್ಕೆರಿಯೆ ಎಂಬ ಹೋಟೆಲಿನವರು 1970ರ ದಶಕದ ಆರಂಭದಲ್ಲಿ ತಮ್ಮ ಪಟ್ಟಿಗೆ ಸೇರಿಸಿದ್ದು. ಪಕ್ಕದ ಫ್ರಿಯೂಲಿಯವರು ಇದನ್ನು ಒಪ್ಪುವುದಿಲ್ಲ, ತೊಲ್ಮೆತ್ಸೊ ಊರಿನಲ್ಲಿ 1950ರ ದಶಕದಲ್ಲೇ ಇತ್ತು ಎಂಬುದು ಅವರ ವಾದ. 2017ರಲ್ಲಿ ಇಟಲಿ ಸರ್ಕಾರದ ಸಾಂಪ್ರದಾಯಿಕ ಆಹಾರಗಳ ಪಟ್ಟಿಯಲ್ಲಿ ಅದನ್ನು ಫ್ರಿಯೂಲಿ ವೆನೆತ್ಸಿಯಾ ಜೂಲಿಯಾದ ಹೆಸರಿಗೆ ಸೇರಿಸಿದಾಗ ವೆನೆತೊದವರು ಕೆಂಡಾಮಂಡಲವಾದರು. ತ್ರೆವೀಜೊದ ಮೂಲ ರೀತಿಯಲ್ಲಿ ಮದ್ಯ ಇರಲಿಲ್ಲ. ಈಗ ಬಹಳ ಕಡೆ ಮಾರ್ಸಾಲಾ ಅಥವಾ ರಮ್ ಸೇರಿಸುತ್ತಾರೆ, ಬೇಡದವರು ಮೊದಲೇ ಕೇಳಿಕೊಳ್ಳಬೇಕು.

ಹಡಗಿನ ಹುಡುಗ

ಕಾರವಾರದವನು, ಹಡಗಿನ ಕೆಲಸ, ನೇಪಲ್ಸ್ ಬಂದರಿಗೆ ಆಗಾಗ ಹೋಗುತ್ತೇನೆ. ನೇಪಲ್ಸ್ ಬಗ್ಗೆ ಉತ್ತರದವರ ಮಾತು ಕೇಳಬೇಡಿ.

ಅಲ್ಲಿನ ಸಿಹಿ ಮೂರು: ಸ್ಫೋಲ್ಯಾತೆಲ್ಲಾ, ಬಾಬಾ, ಪಾಸ್ತಿಯೆರಾ. ಕೊನೆಯದು ಈಸ್ಟರ್ ಹಬ್ಬದ್ದು, ಗೋಧಿ ಕಾಳು ಮತ್ತು ರಿಕೋತಾ ಎಂಬ ಮೆತ್ತನೆಯ ಚೀಸ್ ಹಾಕಿದ್ದು. ಸ್ಫೋಲ್ಯಾತೆಲ್ಲಾದಲ್ಲಿ ಎರಡು ಬಗೆ. ರಿಚ್ಚಾ ಎಂಬುದು ಶಂಖದಂತೆ ಪದರ ಪದರ, ಕಚ್ಚಿದರೆ ಅಂಗಿಯ ತುಂಬ ಪುಡಿ. ಫ್ರೊಲ್ಲಾ ಎಂಬುದು ಮೆತ್ತಗಿನ ದುಂಡು. ಒಳಗೆ ರಿಕೋತಾ, ರವೆ, ಸಕ್ಕರೆಯಲ್ಲಿ ಹಾಕಿದ ಕಿತ್ತಳೆ ಸಿಪ್ಪೆ. ವಿಯಾ ತೊಲೇದೊದಲ್ಲಿ ಪಿಂತಾವ್ರೊ ಅಂಗಡಿ 1818ರಿಂದ ಇದನ್ನೇ ಮಾರುತ್ತಿದೆ. ಒಲೆಯಿಂದ ಇಳಿದ ಬಿಸಿಯದನ್ನೇ ಕೇಳಿ, ಆರಿದ್ದು ರಟ್ಟು. ಬಾಬಾ ಎಂದರೆ ರಮ್ ಪಾಕದಲ್ಲಿ ಮುಳುಗಿಸಿದ ಮೆತ್ತನೆಯ ಬನ್ನು. ಬೆರಳಿನಿಂದ ಒತ್ತಿದರೆ ಪಾಕ ಜಿನುಗುತ್ತದೆ. ಸಿಹಿತಿಂಡಿಯೆಂದು ಮಾವನವರ ಕೈಗೆ ಕೊಟ್ಟುಬಿಡಬೇಡಿ, ಅದರಲ್ಲಿ ಮೊಟ್ಟೆಯೂ ಇದೆ, ರಮ್ಮೂ ಇದೆ.

ಲಿಮೊಂಚೆಲ್ಲೊ ಆ ಕರಾವಳಿಯದೇ. ಸೊರೆಂಟೊ, ಅಮಾಲ್ಫಿಯ ದಪ್ಪ ಸಿಪ್ಪೆಯ ನಿಂಬೆಹಣ್ಣು. ಹಳದಿ ಸಿಪ್ಪೆಯನ್ನು ಬಿಳಿ ಭಾಗ ತಾಗದಂತೆ ಹೆರೆದು ಮದ್ಯಸಾರದಲ್ಲಿ ನೆನೆಸಿ, ಆಮೇಲೆ ಸಕ್ಕರೆ ಪಾಕ ಬೆರೆಸುತ್ತಾರೆ. ರಸ ಹಾಕುವುದಿಲ್ಲ. ಒಳ್ಳೆಯದು ಸಿಪ್ಪೆಯ ಎಣ್ಣೆಯಿಂದ ತುಸು ಮಸುಕಾಗಿರುತ್ತದೆ. ಗಾಜಿನಂತೆ ತಿಳಿಯಾಗಿ ಕಡು ಹಳದಿ ಇದ್ದರೆ ಬಣ್ಣ ಹಾಕಿದ್ದಾರೆಯೇ ಎಂದು ಶೀಶೆಯ ಚೀಟಿ ಓದಿ. ಫ್ರೀಜರಿನಿಂದ ತೆಗೆದು ಕೊರೆಯುವಂತೆ ಕೊಡಬೇಕು. ಒಂದೇ ಗುಟುಕಿಗೆ ಎತ್ತುವುದು ಪ್ರವಾಸಿಗರ ಚಾಳಿ.

ಮದ್ದಿನಪೆಟ್ಟಿಗೆ

ವೃತ್ತಿಯಿಂದ ವೈದ್ಯ, ಆದ್ದರಿಂದ ರಸಭಂಗ ಮಾಡುವುದು ನನ್ನ ಪಾಲಿಗೆ ಬಂದಿದೆ. ಊಟದ ನಂತರದ ಮದ್ಯದಿಂದ ಜೀರ್ಣ ಸುಲಭವಾಗುತ್ತದೆ ಎಂಬ ನಂಬಿಕೆಯನ್ನು ಅಲ್ಲಿಯೇ ಬಿಟ್ಟು ಬನ್ನಿ. ಮದ್ಯಸಾರ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆಯೇ ಹೊರತು ಚುರುಕು ಮಾಡುವುದಿಲ್ಲ. ರುಚಿಗೆ ಕುಡಿಯಿರಿ, ಮದ್ದೆಂದು ಬೇಡ. ಅಮಾರೊ, ಲಿಮೊಂಚೆಲ್ಲೊ ಎರಡರಲ್ಲೂ ಸಕ್ಕರೆ ಧಾರಾಳ, ಮಧುಮೇಹ ಇರುವವರು ನೋಡಿಕೊಳ್ಳಬೇಕು. ಕಾರು ಬಾಡಿಗೆಗೆ ಪಡೆಯುವ ಯೋಚನೆ ಇದ್ದರೆ, ಅಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ. ಲೈಸೆನ್ಸ್ ಪಡೆದು ಮೂರು ವರ್ಷ ಆಗದವರಿಗೆ ಅದೂ ಇಲ್ಲ, ಸೊನ್ನೆ.

ಶರಾವತಿ ತೀರ

ಕಾರು ಇಲ್ಲ, ರೈಲು ಮತ್ತು ಕಾಲು. ಈ ಅಮಾರೊ ಎಂಬುದನ್ನು ಯಾರಾದರೂ ಬಿಡಿಸಿ ಹೇಳಿ. ಪಟ್ಟಿಯಲ್ಲಿ ಹತ್ತು ಹೆಸರಿದ್ದರೆ ಯಾವುದರಿಂದ ಶುರು ಮಾಡುವುದು?

ಪೋ ನದಿ ದಂಡೆ

ಬೇರು, ತೊಗಟೆ, ಸೊಪ್ಪು, ಕಿತ್ತಳೆ ಸಿಪ್ಪೆಗಳನ್ನು ಮದ್ಯಸಾರದಲ್ಲಿ ನೆನೆಹಾಕಿ ಸಕ್ಕರೆ ಸೇರಿಸಿದ ಕಹಿ ಪಾನೀಯ. ಅಜ್ಜಿ ಮಾಡಿದ ಕಷಾಯಕ್ಕೆ ಬೆಲ್ಲ ಹಾಕಿ ಮತ್ತು ಬರುವಂತೆ ಮಾಡಿದರೆ ಹೇಗಿರಬಹುದು, ಹಾಗೆ. ಕಷಾಯ ಕುಡಿದು ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ, ನನ್ನ ಜೊತೆ ಓದುವ ಬೇರೆ ದೇಶದವರು ಮೊದಲ ಗುಟುಕಿಗೇ ಮುಖ ಕಿವಿಚಿದರು.

ಶುರುವಿಗೆ ಮೊಂತೆನೆಗ್ರೊ. ಬೊಲೊನ್ಯಾದಲ್ಲಿ 1885ರಲ್ಲಿ ಹುಟ್ಟಿದ್ದು, ಕಿತ್ತಳೆಯ ಪರಿಮಳ ಮುಂದೆ, ಕಹಿ ಹಿಂದೆ, ಮದ್ಯ ಶೇ 23. ಆಮೇಲೆ ಸಿಸಿಲಿಯ ಕಲ್ತಾನಿಸೆತ್ತಾ ಊರಿನ ಅವೆರ್ನಾ, 1868ರದು, ಕಾಕಂಬಿಯಂತೆ ದಟ್ಟ. ಒಂದು ತುಂಡು ಮಂಜುಗಡ್ಡೆ, ಕಿತ್ತಳೆ ಸಿಪ್ಪೆಯ ಜೊತೆ ಚೆನ್ನ. ಚೀನಾರ್ ಎಂಬುದರಲ್ಲಿ ಪಲ್ಲೆಹೂವು ಇದೆ, ಅಂದರೆ ಆರ್ಟಿಚೋಕ್. ಇದು ಬಹಳ ಸೌಮ್ಯ. ಆಲ್ಪ್ಸ್ ಬೆಟ್ಟದ ಬೊರ್ಮಿಯೊ ಊರಿನ ಬ್ರೌಲಿಯೊ ನನಗೆ ಎಲ್ಲಕ್ಕಿಂತ ಇಷ್ಟ, ಕಾಡಿನ ವಾಸನೆ. ಫೆರ್ನೆಟ್ ಬ್ರಾಂಕಾ ಮಾತ್ರ ಕೊನೆಗಿರಲಿ. ಮಿಲಾನಿನಲ್ಲಿ 1845ರಲ್ಲಿ ಶುರುವಾದದ್ದು, 27 ಗಿಡಮೂಲಿಕೆ, ಮದ್ಯ ಶೇ 39. ಪುದೀನ, ಕೇಸರಿ, ಬೇವು, ಎಲ್ಲ ಒಮ್ಮೆಗೇ ನಾಲಿಗೆಗೆ ಬಡಿದಂತೆ.

ಯಾವುದು ಎಂದು ತೋಚದಿದ್ದರೆ ಆ ಊರಿನದನ್ನೇ ಕೇಳಿ. ಪ್ರತಿ ಪ್ರಾಂತ್ಯಕ್ಕೂ ತನ್ನದೇ ಒಂದು ಇದೆ. ಅದನ್ನು ಕೇಳಿದರೆ ಕಟ್ಟೆಯ ಹಿಂದೆ ನಿಂತವರ ಮುಖವೇ ಬದಲಾಗುತ್ತದೆ.

ಅರಳೀಕಟ್ಟೆ

ಗ್ರಾಪ್ಪಾ ಬಿಟ್ಟುಬಿಟ್ಟಿರಲ್ಲ. ದ್ರಾಕ್ಷಿ ಹಿಂಡಿದ ಮೇಲೆ ಉಳಿಯುವ ಹಿಪ್ಪೆಯಿಂದ ಭಟ್ಟಿ ಇಳಿಸಿದ್ದು. ಬಸ್ಸಾನೊ ಊರಿನ ಮರದ ಸೇತುವೆಯ ಪಕ್ಕದಲ್ಲಿ ಅಂಗಡಿ ಇರುವ ನಾರ್ದೀನಿ ಮನೆತನದವರು 1779ರಿಂದ ಮಾಡುತ್ತಿದ್ದಾರೆ. ವೆನೆತೊದಲ್ಲಿ ಕಾಫಿ ಕುಡಿದು ಮುಗಿಸಿ, ಅದೇ ಕಪ್ಪಿಗೆ ಸ್ವಲ್ಪ ಗ್ರಾಪ್ಪಾ ಹಾಕಿ, ಅಂಟಿದ ಕಾಫಿಯನ್ನು ತೊಳೆದು ಕುಡಿಯುತ್ತಾರೆ. ಪಾತ್ರೆ ತೊಳೆಯುವ ಕೆಲಸವೂ ಉಳಿಯಿತು.

ಪೋ ನದಿ ದಂಡೆ

ಮಲಗಲು ಹೊರಟಿದ್ದವರಿಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತು ಸರ್?

ಅರ್ನೊ ಸೇತುವೆ

ಫ್ಲಾರೆನ್ಸ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ. ಅಲ್ಲಿ ಕಂತೂಚಿ ಮತ್ತು ವಿನ್ ಸಾಂತೊ. ಬಾದಾಮಿ ಹಾಕಿ ಎರಡು ಸಲ ಬೇಯಿಸಿದ ಗಟ್ಟಿ ಬಿಸ್ಕತ್ತು, ಜೊತೆಗೆ ಒಣದ್ರಾಕ್ಷಿಯ ಸಿಹಿ ವೈನ್. ಬಿಸ್ಕತ್ತಿನಲ್ಲಿ ಮೊಟ್ಟೆ ಇದೆ, ಕಣ್ಣಿಗೆ ಕಾಣುವುದಿಲ್ಲ, ಅತ್ತೆಯವರ ನಿಯಮಕ್ಕೆ ಸರಿ. ಹತ್ತಿರದ ಪ್ರಾತೊದಲ್ಲಿ ಮತ್ತೆಯಿ ಬೇಕರಿಯವರು 1858ರಿಂದ ನೀಲಿ ಕಾಗದದ ಚೀಲದಲ್ಲಿ ಕಟ್ಟಿ ಮಾರುತ್ತಾರೆ.

ವೈನಿನ ಕಥೆ ಬಿಸ್ಕತ್ತಿಗಿಂತ ಚೆನ್ನಾಗಿದೆ. ಕೊಯ್ದ ದ್ರಾಕ್ಷಿಯನ್ನು ಚಾಪೆಯ ಮೇಲೆ ಹರವಿ ಅಥವಾ ಗೊಂಚಲುಗಳನ್ನೇ ತೂಗುಹಾಕಿ ತಿಂಗಳುಗಟ್ಟಲೆ ಬಾಡಿಸುತ್ತಾರೆ. ಸುಕ್ಕುಗಟ್ಟಿದ ಮೇಲೆ ಹಿಂಡಿದರೆ ಬರುವುದು ಸ್ವಲ್ಪವೇ ರಸ. ಅದನ್ನು ಪುಟ್ಟ ಪೀಪಾಯಿಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಮನೆಯ ಅಟ್ಟದ ಮೇಲೆ ಇಡುತ್ತಾರೆ. ಬೇಸಿಗೆಯಲ್ಲಿ ಹೆಂಚು ಕಾದು ಬಿಸಿ, ಚಳಿಗಾಲದಲ್ಲಿ ಕೊರೆತ. ಈ ಏರಿಳಿತದಲ್ಲೇ ವರ್ಷಗಟ್ಟಲೆ ಹುದುಗಬೇಕು. ಒಳ್ಳೆಯ ವಿನ್ ಸಾಂತೊದಲ್ಲಿ ಬಿಸ್ಕತ್ತು ಅದ್ದಿದರೆ ತಯಾರಿಸಿದವರಿಗೆ ಸಂಕಟ. ಎರಡು ಲೋಟ ತರಿಸಿ. ಅಗ್ಗದ್ದರಲ್ಲಿ ಅದ್ದಿ, ಒಳ್ಳೆಯದನ್ನು ಹಾಗೆಯೇ ಕುಡಿಯಿರಿ.

ರೋಮ್‌ಗೆ ಒಂದೇ ಮಾತು. ಪ್ಯಾಂಥಿಯನ್ ಪಕ್ಕದ ತಾತ್ಸಾ ದೊರೊದಲ್ಲಿ ಕಾಫಿ ಗ್ರಾನೀತಾ ಸಿಗುತ್ತದೆ. ಹರಳು ಹರಳಾಗಿ ಹೆಪ್ಪುಗಟ್ಟಿದ ಕಾಫಿ, ಕೆಳಗೂ ಮೇಲೂ ಕಡೆದ ಕೆನೆ. ಮೊಟ್ಟೆ ಇಲ್ಲ. ಮಾವನವರಿಗೆ ರೋಮಿನ ನೆನಪು ಅದೇ ಆಗಬಹುದು. ಅಲ್ಲಿಂದ ಸ್ವಲ್ಪ ದೂರದಲ್ಲೇ 1900ರಿಂದ ಇರುವ ಜೊಲಿತ್ತಿಯ ಜೆಲಾಟೊ. ಬೇರೆ ಅಂಗಡಿಗಳಲ್ಲಾದರೆ ಪಿಸ್ತಾ ಜೆಲಾಟೊದ ಬಣ್ಣ ನೋಡಿ ಒಳಗೆ ಹೋಗಿ. ಕಂದು ಬೆರೆತ ಮಂಕು ಹಸಿರು ಇದ್ದರೆ ನಿಜವಾದ ಪಿಸ್ತಾ, ಗಿಳಿಹಸಿರು ಇದ್ದರೆ ಮುಂದಕ್ಕೆ ನಡೆಯಿರಿ. ಗೋಪುರದಂತೆ ಎತ್ತರಕ್ಕೆ ಪೇರಿಸಿಟ್ಟಿರುವ ಅಂಗಡಿಯೂ ಬೇಡ. ಮುಚ್ಚಳವಿರುವ ಉಕ್ಕಿನ ಡಬ್ಬಿಗಳಲ್ಲಿ ಇಟ್ಟಿದ್ದರೆ ಶುಭ ಲಕ್ಷಣ.

ಚೌಕದ ಮೇಜಿಗೆ ಕೂತರೆ ಕಾಫಿಯ ಬೆಲೆ ಬೇರೆ, ಒಳಗೆ ನಿಂತು ಕುಡಿದರೆ ಬೇರೆ. ಪ್ರಸಿದ್ಧ ಚೌಕಗಳಲ್ಲಿ ಹಲವು ಪಟ್ಟು. ದರಪಟ್ಟಿ ತೂಗುಹಾಕಿರುತ್ತಾರೆ, ಕೂರುವ ಮೊದಲು ನೋಡಿ. ವಯಸ್ಸಾದವರು ಜೊತೆಗಿದ್ದರೆ ಒಂದು ರಾತ್ರಿ ಕೂತು ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ, ಕೊಡುವುದು ಜಾಗಕ್ಕೆ.

ತೋಟದ ಮನೆ

ಚಿಕ್ಕಮಗಳೂರಿನಿಂದ. ಎಲ್ಲರೂ ಕಾಫಿ ಕಾಫಿ ಎನ್ನುತ್ತಿದ್ದೀರಿ, ಅದು ಎಲ್ಲಿಂದ ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ. ಭಾರತದ ಕಾಫಿಯನ್ನು ಬಹಳ ಕಾಲದಿಂದ ಅತಿ ಹೆಚ್ಚು ಕೊಳ್ಳುತ್ತಿರುವ ದೇಶ ಇಟಲಿ. ದೇಶದ ಬೆಳೆಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಎಸ್ಪ್ರೆಸೊದ ಮೇಲೆ ನಿಲ್ಲುವ ಆ ದಪ್ಪ ಕಂದು ನೊರೆ ಇದೆಯಲ್ಲ, ಅದಕ್ಕೆ ರೊಬಸ್ಟಾ ಬೇಕು. ನೇಪಲ್ಸ್ ಕಡೆಯ ಮಿಶ್ರಣಗಳಲ್ಲಿ ರೊಬಸ್ಟಾ ಪಾಲು ಇನ್ನೂ ಜಾಸ್ತಿ. ನಮ್ಮ ತೊಳೆದ ರೊಬಸ್ಟಾ ಪಾರ್ಚ್‌ಮೆಂಟ್, ಮಂಗಳೂರಿನಲ್ಲಿ ಮಳೆಗಾಳಿಗೆ ಹರವಿ ಉಬ್ಬಿಸಿದ ಮಾನ್ಸೂನ್ಡ್ ಮಲಬಾರ್, ಇವೆಲ್ಲ ಅಲ್ಲಿನ ಹುರಿಯುವವರಿಗೆ ಚೆನ್ನಾಗಿ ಗೊತ್ತು. ಕಾಫಿಪುಡಿಯ ಪೊಟ್ಟಣದ ಮೇಲೆ ಮಾತ್ರ ನಮ್ಮ ಊರಿನ ಹೆಸರು ಇರುವುದಿಲ್ಲ, ಅದೇ ನನ್ನ ತಕರಾರು.

ಹಡಗಿನ ಹುಡುಗ

ನೇಪಲ್ಸಿನಲ್ಲಿ ಕಾಫಿಗೆ ಮೊದಲು ಒಂದು ಲೋಟ ನೀರು ಕೊಡುತ್ತಾರೆ. ಬಾಯಿ ತೊಳೆದುಕೊಂಡ ಹಾಗೆ ಮೊದಲೇ ಕುಡಿಯಬೇಕು, ಆಮೇಲಲ್ಲ. ಕಪ್ಪು ಬಿಸಿನೀರಿನಲ್ಲಿ ಕಾದಿರುತ್ತದೆ, ತುಟಿ ಜೋಪಾನ. ಒಂದು ಕಾಫಿ ಕುಡಿದು ಎರಡಕ್ಕೆ ದುಡ್ಡು ಕೊಡುವ ಪದ್ಧತಿಯೂ ಇದೆ. ಇನ್ನೊಂದು ಕಾಫಿ ಮುಂದೆ ಬರುವ ಬಡವರಿಗೆ. ಮಾವನವರಿಗೆ ಹೇಳಿ ನೋಡಿ, ಆ ದುಡ್ಡು ಅವರೇ ಕೊಡುತ್ತೇನೆ ಎನ್ನಬಹುದು.

ಶರಾವತಿ ತೀರ

ಮಾವನವರಿಗೆ ಎಲ್ಲವನ್ನೂ ಓದಿ ಹೇಳಿದೆ. ಬಿಚೆರಿನ್, ಗ್ರಾನೀತಾ, ಅಫೊಗಾತೊ ಮೂರಕ್ಕೂ ಒಪ್ಪಿಗೆ ಸಿಕ್ಕಿದೆ. ತೋಟದ ಮನೆಯವರ ಮಾತು ಕೇಳಿ, "ಹಾಗಾದರೆ ಕಾಫಿ ನಮ್ಮದೇ, ಲೋಟ ಮಾತ್ರ ಅವರದು" ಎಂದರು. ಅತ್ತೆಗೆ ಬಿಸಿ ಸ್ಫೋಲ್ಯಾತೆಲ್ಲಾ ಬೇಕಂತೆ, ಹಂದಿಯ ಕೊಬ್ಬಿನ ಸಾಲು ಓದುವಾಗ ಅವರು ಅಡುಗೆಮನೆಯಲ್ಲಿದ್ದರು. ಅದನ್ನು ನಾನು ಹೇಳಲೇಬೇಕು, ಇವತ್ತು ಸಂಜೆ ಹೇಳುತ್ತೇನೆ.

ಕೊನೆಯ ಪ್ರಶ್ನೆ: ಯಜಮಾನರು ಬ್ರೌಲಿಯೊ, ಲಿಮೊಂಚೆಲ್ಲೊ ಎರಡನ್ನೂ ತರಬೇಕೆನ್ನುತ್ತಿದ್ದಾರೆ. ತರಬಹುದೇ?

ಹಡಗಿನ ಹುಡುಗ

ಒಬ್ಬ ವಯಸ್ಕರಿಗೆ 2 ಲೀಟರ್ ಮದ್ಯ ಸುಂಕವಿಲ್ಲದೆ ತರಬಹುದು. ಅಂಗಡಿಯ ಮುದ್ರೆ ಒಡೆಯದ ಶೀಶೆ, ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ. ಲಿಮೊಂಚೆಲ್ಲೊವನ್ನು ಅತ್ತೆಯವರ ಸ್ವೆಟರಿನಲ್ಲಿ ಸುತ್ತಬೇಡಿ, ಒಡೆದರೆ ಪಾಕ ಬಿಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಯಜಮಾನರ ಜೀನ್ಸಿನೊಳಗೆ ತೂರಿಸಿ.